ಅಂಚಿನಲ್ಲಿರುವ ಸಾಕ್ಷಿ

ಸ್ಪೇನ್ ದೊರೆಗಳ ಕಾಲದ ಬೆಳ್ಳಿ ನಾಣ್ಯ ಕೈಗೆ ಬಂದರೆ ಯಾರಾದರೂ ಮೊದಲು ನೋಡುವುದು ದೊರೆಯ ಮುಖವನ್ನು. ಖೋಟಾ ನಾಣ್ಯ ಮಾಡುವವನಿಗೂ ಇದು ಗೊತ್ತು. ಅವನ ಶ್ರಮವೆಲ್ಲ ಮುಖಕ್ಕೇ ಮೀಸಲು. ಹಾಗಾಗಿ ನಾಣ್ಯವನ್ನು ನೆಟ್ಟಗೆ ನಿಲ್ಲಿಸಿ ಹಿಡಿದು, ಭೂತಗನ್ನಡಿಯಲ್ಲಿ ಅದರ ಅಂಚನ್ನು ಸುತ್ತಲೂ ನೋಡುವುದರಿಂದಲೇ ಪರೀಕ್ಷೆ ಶುರುವಾಗಬೇಕು.

ನಾನು ಹೇಳುತ್ತಿರುವುದು ‘ಎಂಟು ರಿಯಾಲ್’ ನಾಣ್ಯದ ಬಗ್ಗೆ. ಸುಮಾರು 27 ಗ್ರಾಂ ತೂಕ, 39 ಮಿಲಿಮೀಟರ್ ಆಸುಪಾಸಿನ ಅಗಲ. ಮೆಕ್ಸಿಕೊ, ಲಿಮಾ, ಪೊಟೊಸಿಯ ಟಂಕಸಾಲೆಗಳಿಂದ ಹೊರಟು ಇದು ಲೋಕವನ್ನೆಲ್ಲ ಸುತ್ತಿತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1857ರವರೆಗೂ ಕಾನೂನುಬದ್ಧ ಹಣವಾಗಿತ್ತು. ಚೀನಾದ ವರ್ತಕರು ಇದನ್ನು ಪರೀಕ್ಷಿಸಿ ತಮ್ಮ ಮುದ್ರೆ ಒತ್ತುತ್ತಿದ್ದರು. ನಮ್ಮ ಮದ್ರಾಸಿನಲ್ಲಿ 1808ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿ ಗೋಪುರದ ಚಿತ್ರವಿರುವ ಬೆಳ್ಳಿಯ ಅರ್ಧ ವರಹಗಳನ್ನು ಟಂಕಿಸಿದಾಗ, ಕೆಲವನ್ನು ಇದೇ ಸ್ಪೇನ್ ನಾಣ್ಯಗಳ ಮೇಲೆ ಒತ್ತಿತು. ಅವುಗಳಲ್ಲಿ ಹಳೆಯ ಅಚ್ಚಿನ ಗುರುತು ಇಂದಿಗೂ ಮಸುಕಾಗಿ ಕಾಣುತ್ತದೆ.

ಮೊದಮೊದಲು ಈ ನಾಣ್ಯಗಳನ್ನು ಸುತ್ತಿಗೆಯಿಂದ ಬಡಿದು ಮಾಡುತ್ತಿದ್ದರು. ಬೆಳ್ಳಿಯ ತುಂಡನ್ನು ತೂಕಕ್ಕೆ ಸರಿಹೋಗುವಂತೆ ಕತ್ತರಿಸುತ್ತಿದ್ದುದರಿಂದ ಯಾವುದೂ ಗುಂಡಗಿರುತ್ತಿರಲಿಲ್ಲ. ಗುಂಡಗಿಲ್ಲದ ನಾಣ್ಯದ ಅಂಚಿನಿಂದ ಚೂರು ಬೆಳ್ಳಿ ಕೆತ್ತಿಕೊಂಡರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಕಳ್ಳತನ ತಡೆಯಲು ಬಂದದ್ದು ಅಂಚಿಗೆ ಚಿತ್ತಾರ ಒತ್ತುವ ಯಂತ್ರ. ಫ್ರಾನ್ಸಿನ ಜಾಂ ಕಾಸ್ತ್ಯಾಂ 1685ರ ಹೊತ್ತಿಗೆ ಬಳಕೆಗೆ ತಂದ ಈ ಬಗೆಯ ಯಂತ್ರ, ತಿರುಪಿನ ಒತ್ತುಯಂತ್ರದ ಜೊತೆಯಲ್ಲಿ 1732ರಲ್ಲಿ ಮೆಕ್ಸಿಕೊದ ಟಂಕಸಾಲೆಯಲ್ಲಿ ಕೆಲಸ ಶುರುಮಾಡಿತ್ತು.

ಅದರ ರಚನೆ ಬಹಳ ಸರಳ. ಎದುರುಬದುರಾಗಿ ಎರಡು ಉಕ್ಕಿನ ಪಟ್ಟಿಗಳು. ಒಂದು ಅಲುಗಾಡದು, ಇನ್ನೊಂದು ಹಲ್ಲಿನ ಚಕ್ರದ ಸಹಾಯದಿಂದ ಮುಂದೆ ಸರಿಯುತ್ತದೆ. ಎರಡರ ಒಳಮೈಯಲ್ಲೂ ಚಿತ್ತಾರ ಕೊರೆದಿರುತ್ತದೆ. ಇನ್ನೂ ಅಚ್ಚು ಬೀಳದ ಬೆಳ್ಳಿಯ ಬಿಲ್ಲೆಯನ್ನು ನಡುವೆ ಮಲಗಿಸಿ ಹಿಡಿಕೆ ತಿರುಗಿಸಿದರೆ ಬಿಲ್ಲೆ ಅರ್ಧ ಸುತ್ತು ಉರುಳುತ್ತದೆ. ಅಷ್ಟರಲ್ಲಿ ಒಂದು ಪಟ್ಟಿ ಅಂಚಿನ ಒಂದು ಅರ್ಧಕ್ಕೆ, ಇನ್ನೊಂದು ಪಟ್ಟಿ ಉಳಿದರ್ಧಕ್ಕೆ ಚಿತ್ತಾರ ಒತ್ತಿರುತ್ತದೆ. ಎಲ್ಲೂ ಖಾಲಿ ಉಳಿಯಬಾರದೆಂದು ಉರುಳುವಿಕೆ ಅರ್ಧ ಸುತ್ತಿಗಿಂತ ತುಸು ಹೆಚ್ಚೇ ಇರುತ್ತಿತ್ತು. ಹಾಗಾಗಿ ಎರಡು ಕಡೆ, ಒಂದಕ್ಕೊಂದು ನೇರ ಎದುರಿಗೆ, ಚಿತ್ತಾರದ ಮೇಲೆ ಚಿತ್ತಾರ ಬೀಳುತ್ತದೆ. 1772ರಿಂದ ಬಂದ, ದೊರೆಯ ಮುಖವಿರುವ ನಾಣ್ಯಗಳ ಅಂಚಿನಲ್ಲಿ ಒಂದು ವೃತ್ತ, ಒಂದು ಆಯತ ಎಂಬ ಸಾಲಿದೆ. ಸಾಚಾ ನಾಣ್ಯದಲ್ಲಿ ಎರಡು ಜಾಗಗಳಲ್ಲಿ ವೃತ್ತವೂ ಆಯತವೂ ಒಂದರ ಮೇಲೊಂದು ಏರಿರುತ್ತವೆ.

ಎರಕ ಹೊಯ್ದ ಖೋಟಾದ ಅಂಚಿನಲ್ಲಿ ಎರಡು ಅಚ್ಚು ಕೂಡಿದ ಗೆರೆ ಇರುತ್ತದೆ, ಇಲ್ಲವೇ ಅದನ್ನು ಅರದಿಂದ ಉಜ್ಜಿ ಅಳಿಸಿದ ಗೀರುಗಳಿರುತ್ತವೆ. ಈಗಿನ ಯಂತ್ರದಲ್ಲಿ ಬಳೆಯೊಳಗಿಟ್ಟು ಒತ್ತಿದ ಖೋಟಾದಲ್ಲಿ ಚಿತ್ತಾರ ಎಲ್ಲೂ ಮುಗ್ಗರಿಸದೆ ಸುತ್ತಲೂ ಸಲೀಸಾಗಿ ಓಡುತ್ತದೆ. ಆ ಅಚ್ಚುಕಟ್ಟೇ ಸಂಶಯಕ್ಕೆ ಕಾರಣ. ಇದಕ್ಕಿಂತ ಸೂಕ್ಷ್ಮವಾದ ಸುಳಿವು ಇನ್ನೊಂದಿದೆ, ನನಗೆ ಬಹಳ ಮೆಚ್ಚಿಗೆಯಾದದ್ದು. ಅಂಚು ಮೊದಲು, ಮುಖ ಆಮೇಲೆ ಬೀಳುತ್ತಿದ್ದುದರಿಂದ ಚಿತ್ತಾರ ಏರಿದ ಜಾಗ ದೊರೆಯ ಹಣೆಯ ನೇರಕ್ಕೆ ಬರಬಹುದು, ಕತ್ತಿನ ನೇರಕ್ಕೂ ಬರಬಹುದು. ಎರಡು ನಾಣ್ಯಗಳಲ್ಲಿ ಅದು ತದ್ರೂಪಿ ಜಾಗದಲ್ಲೇ ಇದ್ದು, ಗೀರು ಕುಳಿಗಳೂ ಒಂದೇ ಆಗಿದ್ದರೆ ಎರಡೂ ಒಂದೇ ಮೂಲದಿಂದ ಎರಕ ಹೊಯ್ದವೆಂದು ತಿಳಿಯಬೇಕು.

ಅಂಚು ಒಪ್ಪಿದರೆ ನೀರಿನ ಪರೀಕ್ಷೆ. ಈ ನಾಣ್ಯಗಳಲ್ಲಿ ಸುಮಾರು 90% ಬೆಳ್ಳಿ, ಉಳಿದದ್ದು ಮುಖ್ಯವಾಗಿ ತಾಮ್ರ. ಸಾಂದ್ರತೆ ನೀರಿನ ಸುಮಾರು 10.3 ಪಟ್ಟು. ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು, ತೂಕವನ್ನು ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳ ತಾಗದಂತೆ ಮುಳುಗಿಸಿ. ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕವನ್ನು, ಅದು ಸುಮಾರು 2.6 ಗ್ರಾಂ ಇರಬೇಕು. ಅಷ್ಟೇ ತೂಕದ ಹಿತ್ತಾಳೆಯಾದರೆ 3.2ರ ಹತ್ತಿರ ಬರುತ್ತದೆ. ಸೀಸ ಮತ್ತು ತವರವನ್ನು ಹದವಾಗಿ ಬೆರೆಸಿ ಈ ಪರೀಕ್ಷೆಯನ್ನು ವಂಚಿಸಬಹುದು. ಆದರೆ ಬೆಳ್ಳಿ ಅತ್ಯುತ್ತಮ ವಿದ್ಯುದ್ವಾಹಕ. ಓರೆಯಾಗಿ ಹಿಡಿದ ನಾಣ್ಯದ ಮೇಲೆ ನಿಯೋಡೈಮಿಯಮ್ ಅಯಸ್ಕಾಂತ ಬಿಟ್ಟರೆ ಲೋಹದೊಳಗೆ ಸುಳಿವಿದ್ಯುತ್ ಹುಟ್ಟಿ ಅದನ್ನು ತಡೆಯುತ್ತದೆ, ಅಯಸ್ಕಾಂತ ನಿಧಾನವಾಗಿ ಇಳಿಯುತ್ತದೆ. ಸೀಸದ ಬೆರಕೆಯ ಮೇಲೆ ಸರ್ರನೆ ಜಾರುತ್ತದೆ.

ಒಳ್ಳೆಯ ಬೆಳ್ಳಿಯಲ್ಲೇ ಖೋಟಾ ಮಾಡಿದರೆ? ಆಗ ಎಕ್ಸ್‌ರೇ ಪ್ರತಿದೀಪ್ತಿ ಯಂತ್ರ ನೆರವಿಗೆ ಬರುತ್ತದೆ. ಲೋಹದಲ್ಲಿ ಯಾವ ಯಾವ ಧಾತುಗಳಿವೆ ಎಂಬುದನ್ನು ಅದು ತೋರಿಸುತ್ತದೆ. ಆ ಕಾಲದ ಶುದ್ಧೀಕರಣದಲ್ಲಿ ಬೆಳ್ಳಿಯೊಳಗಿನ ಲೇಶಮಾತ್ರ ಚಿನ್ನವನ್ನು ಬೇರ್ಪಡಿಸುತ್ತಿರಲಿಲ್ಲ. ಇಂದಿನ ವಿದ್ಯುದ್ವಿಶ್ಲೇಷಣೆಯ ಬೆಳ್ಳಿಯಲ್ಲಿ ಆ ಚಿನ್ನ ಉಳಿಯುವುದಿಲ್ಲ. ಅತಿಯಾದ ಶುದ್ಧತೆಯೇ ಖೋಟಾವನ್ನು ಹಿಡಿದುಕೊಡುತ್ತದೆ. ಈ ಯಂತ್ರ ನೋಡುವುದು ಮೇಲ್ಪದರವನ್ನು ಮಾತ್ರ ಎಂಬುದನ್ನು ಮರೆಯಬಾರದು.

ವಿಜ್ಞಾನದ ಜೊತೆ ಚರಿತ್ರೆಯೂ ಗೊತ್ತಿರಬೇಕು. ದೊರೆ ಮೂರನೆಯ ಕಾರ್ಲೋಸ್ 1788ರ ಡಿಸೆಂಬರಿನಲ್ಲಿ ತೀರಿಕೊಂಡ. ಹೊಸ ದೊರೆಯ ಮುಖದ ಅಚ್ಚು ಹಡಗಿನಲ್ಲಿ ಅಮೆರಿಕ ತಲುಪುವ ತನಕ, 1789 ಮತ್ತು 1790ರ ನಾಣ್ಯಗಳಲ್ಲಿ ನಾಲ್ಕನೆಯ ಕಾರ್ಲೋಸನ ಹೆಸರು, ತೀರಿಹೋದ ತಂದೆಯ ಮುಖ! ತಪ್ಪೆಂದು ತೋರುವ ಈ ನಾಣ್ಯ ಅಪ್ಪಟ ಸಾಚಾ. ಪೊಟೊಸಿಯಲ್ಲಿ ಇದಕ್ಕೂ ವಿಚಿತ್ರವಾದದ್ದು ನಡೆಯಿತು. 1640ರ ದಶಕದಲ್ಲಿ ಅಲ್ಲಿನ ಸರ್ಕಾರಿ ಟಂಕಸಾಲೆಯೇ ಬೆಳ್ಳಿ ಕದ್ದು ಕೀಳು ನಾಣ್ಯ ಹೊರಡಿಸಿತು. ತನಿಖೆಯಾಗಿ, ಈ ವಂಚನೆಯಲ್ಲಿ ಪಾಲುಗೊಂಡಿದ್ದ ಬೆಳ್ಳಿ ವ್ಯಾಪಾರಿ ಗೋಮೆಸ್ ದೆ ಲಾ ರೋಚಾನನ್ನು 1650ರಲ್ಲಿ ಮರಣದಂಡನೆಗೆ ಗುರಿಮಾಡಲಾಯಿತು. ಸುತ್ತಿಗೆಯಿಂದ ಬಡಿದ ಆ ನಾಣ್ಯಗಳಿಗೆ ಅಂಚಿನ ಚಿತ್ತಾರವಿಲ್ಲ. ಅಲ್ಲಿ ಲೋಹ ಮತ್ತು ಅಚ್ಚಿನ ಅಕ್ಷರಗಳೇ ಆಧಾರ.

ಒಂದು ವಿನಂತಿ. ಒರೆಗಲ್ಲಿಗೆ ತಿಕ್ಕುವುದು, ಅರ ಹಾಕುವುದು, ಆಮ್ಲ ಸುರಿಯುವುದು ಬೇಡ. ಸಾಚಾ ಆಗಿದ್ದರೆ ನಾಣ್ಯ ಹಾಳು, ಮತ್ತೆ ಸರಿಮಾಡಲಾಗದು. ಖೋಟಾ ಎಂದು ಗೊತ್ತಾದರೂ ಹಳೆಯದನ್ನು ಕರಗಿಸಬೇಡಿ. ಜಾನ್ ರಿಡೆಲ್ ಎಂಬ ನ್ಯೂ ಆರ್ಲಿಯನ್ಸ್ ಟಂಕಸಾಲೆಯ ಅಧಿಕಾರಿ 1845ರಲ್ಲೇ ಇಂಥ ಸಾಚಾ ಮತ್ತು ಖೋಟಾ ಬೆಳ್ಳಿ ನಾಣ್ಯಗಳನ್ನು ನೂರಾರು ಸಂಖ್ಯೆಯಲ್ಲಿ ಪರೀಕ್ಷಿಸಿ ಪುಸ್ತಕ ಬರೆದ. ಇಂದಿನ ಸಂಗ್ರಾಹಕರು ಆ ಕಾಲದ ಖೋಟಾಗಳನ್ನೂ ಬೆಲೆ ಕೊಟ್ಟು ಕೊಳ್ಳುತ್ತಾರೆ. ಪೊಟ್ಟಣದ ಮೇಲೆ ‘ಖೋಟಾ’ ಎಂದು ಸ್ಪಷ್ಟವಾಗಿ ಬರೆದು ಜೋಪಾನವಾಗಿಡಿ.