ಕೊರವ ಮುಗಿಲಿಂದ ಬೀಳುವುದಿಲ್ಲ

“ನಮ್ಮೂರ ಕೆರೆ ಬೇಸಿಗೆಯಲ್ಲಿ ಬಿರುಕುಬಿಟ್ಟು ಒಣಗಿತ್ತು. ಮುಂಗಾರಿಗೆ ನೀರು ನಿಂತದ್ದೇ ತಡ, ಕೊರವ ಮೀನು ಓಡಾಡತೊಡಗಿದವು. ಮಳೆಯ ಜೊತೆ ಬಿದ್ದವೇ?” ಯಳಂದೂರಿನ ಓದುಗರೊಬ್ಬರ ಪ್ರಶ್ನೆ.

ಇಲ್ಲ. ಮೋಡದಲ್ಲಿ ಮೀನು ಮರಿಮಾಡುತ್ತದೆಂಬ ಮಾತನ್ನು ಮಕ್ಕಳಿಗೆ ದಯವಿಟ್ಟು ಹೇಳಬೇಡಿ. ಅವು ನಿಮ್ಮ ಕಾಲಡಿಯಲ್ಲೇ ಇದ್ದವು.

ಕೊರವದ ತಲೆಯೊಳಗೆ, ಕಿವಿರಿನ ಮೇಲ್ಗಡೆ, ಮಡಿಕೆ ಮಡಿಕೆಯಾದ ತೆಳುಪೊರೆಯ ಗೂಡೊಂದಿದೆ. ಮೇಲೆ ಬಂದು ಗಾಳಿ ನುಂಗಿ ಅಲ್ಲಿ ತುಂಬಿಕೊಳ್ಳುತ್ತದೆ. ಬೆಳೆದ ಕೊರವ ಬಲೆಗೆ ಸಿಕ್ಕಿ ಮೇಲೇಳಲಾಗದಿದ್ದರೆ ಉಸಿರುಕಟ್ಟಿ ಸಾಯುತ್ತದೆ. ಮೀನು, ನೀರಿನಲ್ಲಿ ಮುಳುಗಿ ಸಾಯುವುದು! ಎಷ್ಟು ಸಲ ಹೇಳಿದರೂ ನನಗೆ ಈ ಬೆರಗು ತೀರದು. ಕೆರೆ ಬತ್ತಿದಾಗ ಅದೇ ಗೂಡು ಜೀವ ಉಳಿಸುತ್ತದೆ. ಮೈಮೇಲಿನ ಲೋಳೆ ಆರದಷ್ಟು ತೇವವಿದ್ದರೆ ಸಾಕು, ಹೂಳಿನಲ್ಲಿ ಹುದುಗಿ ತಿಂಗಳುಗಟ್ಟಲೆ ಗಾಳಿ ಉಸಿರಾಡಿಕೊಂಡಿರುತ್ತದೆ. ಮಳೆ ಬಿದ್ದ ರಾತ್ರಿ ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ಗದ್ದೆಗೂ ಹೋದೀತು.

ಆದರೆ ಹೂಳಿನ ಈ ಬಾಳು ಮುಖ್ಯವಾಗಿ ಚನ್ನ ಸ್ಟ್ರಯೇಟ ಎಂಬ ಒಂದು ಜಾತಿಯದು. ಕೊಳ್ಳೇಗಾಲದ ಕೆರೆ, ಗದ್ದೆ, ಕಾಲುವೆಗಳಂಥ ಕೆಸರು ತಾಣ ಅದಕ್ಕೆ ಒಗ್ಗುತ್ತದೆ. ಅದರ ದಾಯಾದಿ ಅವಲು, ಅಂದರೆ ಚನ್ನ ಮರೂಲಿಯಸ್, ಒಂದು ಮೀಟರ್ ಮೀರಿ ಬೆಳೆಯುವ ಮೀನು. ಕಾವೇರಿಯ ಮಡುಗಳಂಥ ಆಳದ ನೀರನ್ನು ಬಯಸುತ್ತದೆ. ಚುಕ್ಕೆ ಮೈಯ ಚನ್ನ ಪಂಕ್ಟೇಟಕ್ಕೆ ಕಳೆ ಕಟ್ಟಿದ ನಿಂತ ನೀರೇ ಸಾಕು.

ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚಿನದು ಗೇಣುದ್ದದ ಚನ್ನ ಗಚುವ. ಬೆಟ್ಟದ ಕಲ್ಲುತೊರೆಗಳಲ್ಲೂ ಬಾಳಬಲ್ಲ ಮೀನು ಇದು. ಕೊರವಗಳ ಮೊಟ್ಟೆಯಲ್ಲಿ ಎಣ್ಣೆಯ ಹನಿಯಿರುವುದರಿಂದ ಅದು ನೀರಿನ ಮೇಲೆ ತೇಲುತ್ತದೆ. ನಿಂತ ಕೆರೆಯಲ್ಲಿ ಜೊಂಡಿನ ನಡುವೆ ಗೂಡು ಮಾಡಿ ಕಾಯಬಹುದು. ಹರಿಯುವ ತೊರೆಯಲ್ಲಿ ತೇಲುವ ಮೊಟ್ಟೆ ಕೊಚ್ಚಿಹೋಗದೆ ಉಳಿದೀತೇ? ಗಚುವದ ಗಂಡು ಮೊಟ್ಟೆಗಳನ್ನೆಲ್ಲ ಬಾಯೊಳಗೆ ತುಂಬಿಕೊಂಡುಬಿಡುತ್ತದೆ. ಸಿಕ್ಕಿದ್ದನ್ನೆಲ್ಲ ನುಂಗುವ ಕುಲದ ಬಾಯಿ, ಮರಿಗಳಿಗೆ ತೊಟ್ಟಿಲು!

ಕೆರೆ ಅಭಿವೃದ್ಧಿ ಎಂದು ಅಂಚಿನ ಜೊಂಡು ಕಿತ್ತು ಸುತ್ತ ಕಲ್ಲು ಹಾಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೊರವ ಗೂಡು ಕಟ್ಟುವುದೇ ಅಲ್ಲಿ. ಮಳೆಗಾಲದ ಬೆಳಗ್ಗೆ ಕೆರೆ ಏರಿಯ ಮೇಲೆ ನಿಂತಿದ್ದಾಗ, ಯಾರೋ ನೀರಿಗೆ ಕುಂಕುಮ ಚೆಲ್ಲಿದಂತೆ ಕೆಂಪು ಮಚ್ಚೆಯೊಂದು ಜೊಂಡಿನ ಬದಿಗೆ ಸರಿದಾಡಿದ್ದನ್ನು ಕಂಡಿದ್ದೇನೆ. ಒಂದೊಂದು ಕ್ಷಣಕ್ಕೂ ಅದು ಗುಳುಗುಳು ಎನ್ನುತ್ತಿತ್ತು. ಕೊರವದ ಮರಿಗಳ ಹಿಂಡು, ಗಾಳಿ ನುಂಗುವುದನ್ನು ಕಲಿಯುತ್ತಿತ್ತು. ಅವುಗಳ ಕೆಳಗೆ, ಕದಡಿದ ನೀರಿನಲ್ಲಿ, ಮೊಳದುದ್ದದ ಕಪ್ಪು ನೆರಳೊಂದು ಅಲುಗದೆ ನಿಂತಿತ್ತು.