ಪರ್ವತದ ಏಣು ಏರುವ ಮುನ್ನ ಹೊಸ ಹಿಮದ ಪರಿಶೀಲನೆ

ಹಿಮಾಲಯದಲ್ಲಿ ಪರ್ವತಾರೋಹಣದ ಅನುಮತಿ ಅಥವಾ ತರಬೇತಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮುಂಗಾರು ಹಿಂದೆ ಸರಿಯುವ ಕಾಲದಲ್ಲಿ ಬೀಳುವ ಹೊಸ ಹಿಮವು ಕೆಳಗಿನ ಹಳೆಯ ಹಿಮ ಅಥವಾ ಮಂಜುಗಡ್ಡೆಯೊಂದಿಗೆ ಕೂಡಲೇ ಬೆಸೆದುಕೊಳ್ಳುವುದಿಲ್ಲ. ಗಾಳಿಯು ಇದನ್ನು ಏಣಿನ ಮರೆಬದಿಗೆ ಸಾಗಿಸಿ ದಪ್ಪ ಹಲಗೆಯಂತೆ ಶೇಖರಿಸುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಈ ಪದರವು ಒಬ್ಬ ಆರೋಹಿಯ ಭಾರಕ್ಕೂ ಕಳಚಿ ಹಿಮಕುಸಿತ ಉಂಟಾಗಬಹುದು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಾಂಡಾ-2 ಶಿಖರದಲ್ಲಿ ಹಿಮಕುಸಿತಕ್ಕೆ ಸಿಲುಕಿ ತರಬೇತಿ ತಂಡದ 25ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಮೃತರಲ್ಲಿ ಕರ್ನಾಟಕದವರೂ ಇದ್ದರು.

ಆರೋಹಿಗಳು ಗಮನಿಸಬೇಕಾದ ಅಂಶಗಳು:

1. ಭಾರತ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಆ ಪ್ರದೇಶಕ್ಕೆ ಹೊರಡಿಸಲಾದ ಹಿಮಕುಸಿತ ಎಚ್ಚರಿಕೆಯನ್ನೂ ಪರಿಶೀಲಿಸತಕ್ಕದ್ದು.

2. ಭಾರೀ ಹಿಮ ಬಿದ್ದ ನಂತರದ 24ರಿಂದ 48 ಗಂಟೆಗಳು ವಿಶೇಷ ಅಪಾಯದ ಅವಧಿ. ಅವಧಿ ಕಳೆದ ಮಾತ್ರಕ್ಕೆ ಮಾರ್ಗವು ಸುರಕ್ಷಿತವೆಂದು ಭಾವಿಸತಕ್ಕದ್ದಲ್ಲ.

3. ಅನುಭವಿ ಮಾರ್ಗದರ್ಶಕರ ನೆರವಿನಿಂದ ಹಿಮವನ್ನು ಅಗೆದು, ಒಳಗಿನ ಸಡಿಲ ಪದರವನ್ನು ಪರೀಕ್ಷಿಸತಕ್ಕದ್ದು.

4. ಹೆಜ್ಜೆಯಿಟ್ಟಾಗ ಹಿಮವು ಕುಸಿದಂತೆ ಸದ್ದಾದರೆ, ಬಿರುಕು ಹರಿದರೆ ಅಥವಾ ಸಮೀಪದಲ್ಲಿ ಹೊಸ ಕುಸಿತ ಕಂಡರೆ ಹಿಂದಿರುಗತಕ್ಕದ್ದು.

5. ಏಣಿನ ತುದಿಯಿಂದ ಹೊರಚಾಚಿದ ಹಿಮದ ಸೂರು ಕೆಳಗೆ ಆಧಾರವಿಲ್ಲದ್ದು. ಅದರ ಅಂಚಿನಿಂದ ಸಾಕಷ್ಟು ಒಳಗೆ, ಗಾಳಿ ಬೀಸುವ ಬದಿಯಲ್ಲಿ ನಡೆಯತಕ್ಕದ್ದು.

6. ಪ್ರತಿಯೊಬ್ಬರೂ ಸಂಕೇತ ಸಾಧನ, ಶೋಧನಾ ಕಡ್ಡಿ ಹಾಗೂ ಸಲಿಕೆ ಹೊಂದಿರತಕ್ಕದ್ದು. ಹೂತುಹೋದವರು ಬದುಕುಳಿಯುವ ಸಾಧ್ಯತೆಯು ಕೆಲವೇ ನಿಮಿಷಗಳಲ್ಲಿ ಕ್ಷೀಣಿಸುವುದರಿಂದ ಜೊತೆಗಾರರೇ ಮೊದಲ ರಕ್ಷಕರು.

ಅನುಮತಿ ಪತ್ರವು ಪರ್ವತ ಏರಲು ನೀಡುವ ಒಪ್ಪಿಗೆಯೇ ಹೊರತು ಅಂದಿನ ಹಿಮದ ಸ್ಥಿತಿಗೆ ಖಾತರಿಯಲ್ಲ. ಸಂದೇಹವಿದ್ದಲ್ಲಿ ಆರೋಹಣವನ್ನು ಮುಂದೂಡುವುದು.