ಗಾಜಿನ ತೊಟ್ಟಿಯಲ್ಲಿ ನಮ್ಮ ಹಳ್ಳದ ಮೀನುಗಳು

ಮೀನು ಸಾಕುವ ಹವ್ಯಾಸವುಳ್ಳವರ ಮನೆಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವುವು ಚಿನ್ನದ ಮೀನು, ಗಪ್ಪಿ, ಏಂಜೆಲ್ ಮೀನುಗಳು. ಮೊದಲನೆಯದು ಚೀನ ದೇಶದ್ದು. ಉಳಿದೆರಡು ದಕ್ಷಿಣ ಅಮೆರಿಕದವು. ಚೆಲುವಿನಲ್ಲಿ ಇವಕ್ಕೇನೂ ಕಡಮೆಯಿಲ್ಲದ ಮೀನುಗಳು ನಮ್ಮ ಹಳ್ಳಕೊಳ್ಳಗಳಲ್ಲಿಯೇ ಇರುವುದನ್ನು ಬಲ್ಲವರು ವಿರಳ. ಅವುಗಳನ್ನು ಜಲಸಸ್ಯಗಳೊಡನೆ ಸಾಕುವ ಬಗೆಯನ್ನೂ, ಸಾಕುವವನ ಹೊಣೆಯನ್ನೂ ಇಲ್ಲಿ ಸಂಗ್ರಹವಾಗಿ ತಿಳಿಸಲು ಯತ್ನಿಸಿದ್ದೇನೆ.

ಪ್ರಾರಂಭಕ್ಕೆ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿ ಸಾಕು. ತುಂಬಿದರೆ ಇದರಲ್ಲಿ 54 ಲೀಟರು ನೀರು ಹಿಡಿಯುತ್ತದೆ. ನೀರಿನ ಭಾರವೇ 54 ಕಿಲೋಗ್ರಾಂ ಆಗುವುದರಿಂದ ತೊಟ್ಟಿಯನ್ನು ಗಟ್ಟಿಮುಟ್ಟಾದ ಮೇಜಿನ ಮೇಲೆ, ನೇರ ಬಿಸಿಲು ಬೀಳದ ಕಡೆ ಇಡಬೇಕು. ತಳದಲ್ಲಿ ಚೆನ್ನಾಗಿ ತೊಳೆದ ದಪ್ಪ ಮರಳನ್ನು ಹರಡಿ, ವ್ಯಾಲಿಸ್ನೇರಿಯ, ಹೈಡ್ರಿಲ್ಲ ಮುಂತಾದ ಗಿಡಗಳನ್ನು ನೆಡಬೇಕು. ಹೈಡ್ರಿಲ್ಲ ನಮಗೆ ಅಪರಿಚಿತವಲ್ಲ; ಆಮ್ಲಜನಕದ ಗುಳ್ಳೆಗಳನ್ನು ತೋರಿಸಲು ಶಾಲೆಯ ಪ್ರಯೋಗದಲ್ಲಿ ಆಲಿಕೆಯ ಕೆಳಗೆ ಇಡುತ್ತಿದ್ದುದು ಇದನ್ನೇ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದ್ದರೆ, ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟು ಅನಂತರ ಬಳಸಬೇಕು.

ಇಷ್ಟಾದೊಡನೆ ಮೀನು ಬಿಡಬಹುದೆಂದು ಭಾವಿಸುವುದೇ ಅನೇಕ ತೊಟ್ಟಿಗಳು ಕೆಡಲು ಕಾರಣ. ಮೀನು ಹೊರಬಿಡುವ ಕಲ್ಮಷದಿಂದಲೂ, ತಿನ್ನದೆ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಇದು ಮೀನಿಗೆ ವಿಷ. ಮರಳಿನಲ್ಲಿ ನೆಲಸುವ ಒಂದು ಬಗೆಯ ಬ್ಯಾಕ್ಟೀರಿಯಗಳು ಇದನ್ನು ನೈಟ್ರೈಟಾಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ, ನೈಟ್ರೇಟಿನ ಬಾಧೆ ಬಹಳ ಕಡಮೆ. ಗಿಡಗಳು ಅಮೋನಿಯವನ್ನೂ ನೈಟ್ರೇಟನ್ನೂ ಗೊಬ್ಬರವಾಗಿ ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಗಳು ಸಾಕಷ್ಟು ವೃದ್ಧಿಯಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಚಿಟಿಕೆಯಷ್ಟು ಮೀನಿನ ಆಹಾರವನ್ನು ಮಾತ್ರ ಹಾಕುತ್ತಿದ್ದು, ಬಳಿಕ ಎರಡು ಮೂರರಂತೆ ಮೀನುಗಳನ್ನು ಬಿಡತಕ್ಕದ್ದು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಿದರಾಯಿತು. ತೊಟ್ಟಿಯನ್ನು ಪೂರ್ತಿ ಬರಿದುಮಾಡಿ ಮರಳನ್ನು ಉಜ್ಜಿ ತೊಳೆದರೆ, ಉಪಕಾರಿಗಳಾದ ಆ ಜೀವಿಗಳೇ ಕೊಚ್ಚಿಹೋಗುತ್ತವೆ.

ಇನ್ನು ಮೀನುಗಳ ಆಯ್ಕೆ. ಹೊಸಬರಿಗೆ ತಕ್ಕುದು ಡೇನಿಯೊ ರೆರಿಯೊ. ನೀಲಿ ಗೆರೆಗಳುಳ್ಳ, ನಾಲ್ಕು ಸೆಂ.ಮೀ. ಉದ್ದದ ಈ ಮೀನನ್ನು ಆರೇಳರ ಗುಂಪಿನಲ್ಲಿ ಸಾಕಬೇಕು. ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಯಲ್ಲಿರುವ ಜೀಬ್ರಾ ಮೀನು ಇದೇ. 1822ರಲ್ಲಿ ಇದನ್ನು ವರ್ಣಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ಚರಿತ್ರೆಯ ವಿದ್ಯಾರ್ಥಿಗಳಿಗೆ ಬೇರೊಂದು ಹೆಸರಿನಿಂದ ಪರಿಚಿತ: ಟಿಪ್ಪುವಿನ ಪತನಾನಂತರ, 1800-01ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ ಪ್ರವಾಸಕಥನ ಬರೆದ ಬುಕಾನನ್ ಈತನೇ. ಅಪ್ಲೊಕೀಲಸ್ ಎಂಬ ಇನ್ನೊಂದು ಮೀನು ನೀರಿನ ಮೇಲ್ಭಾಗದಲ್ಲಿದ್ದು ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ. ಆದರೆ ಅದು ಬಾಯಿಗೆ ಹಿಡಿಯುವ ಮೀನನ್ನೂ ಬಿಡದು. ನೀರಿನಿಂದ ಹೊರಕ್ಕೂ ನೆಗೆಯುತ್ತದೆ. ಆದುದರಿಂದ ಅದಕ್ಕೆ ಮುಚ್ಚಳವಿರುವ ಪ್ರತ್ಯೇಕ ತೊಟ್ಟಿಯೇ ಲೇಸು.

ನಮ್ಮ ಮೀನೆಂಬ ಅಭಿಮಾನವಿದ್ದ ಮಾತ್ರಕ್ಕೆ ಯಾವ ಮೀನನ್ನಾದರೂ ಹಿಡಿದು ತರಲಾಗದು. ಕೆಂಪು-ಕಪ್ಪು ಪಟ್ಟೆಗಳ ಡೆನಿಸನ್ ಮೀನು ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಸಹಜವಾಗಿ ಇಲ್ಲ. ಹವ್ಯಾಸಿಗಳ ಪೇಟೆಗಾಗಿ ಅದನ್ನು ಅತಿಯಾಗಿ ಹಿಡಿದುದರಿಂದ ಅದು ಅಳಿವಿನ ಭೀತಿಯಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಮೆಚ್ಚಿಕೆಯೇ ಅದಕ್ಕೆ ಮುಳುವಾಯಿತು. ಇದಕ್ಕೆ ಪ್ರತಿಯಾದ ತಪ್ಪೂ ಒಂದುಂಟು. ಸಾಕಲು ಬೇಸರವಾದ ಪರದೇಶದ ಮೀನನ್ನು ದಯೆಯಿಂದಲೇ ಕೆರೆಗೆ ಬಿಡುವವರಿದ್ದಾರೆ. ತೊಟ್ಟಿಯ ಪಾಚಿ ತಿನ್ನಲೆಂದು ತರುವ, ದಕ್ಷಿಣ ಅಮೆರಿಕದ ಸಕರ್ ಮೀನು ಹೀಗೆಯೇ ನಮ್ಮ ದೇಶದ ಕೆರೆ ನದಿಗಳನ್ನು ಸೇರಿ, ದಡಗಳನ್ನು ಕೊರೆಯುತ್ತ, ಮೀನುಗಾರರ ಬಲೆಗಳನ್ನು ಹರಿಯುತ್ತಿದೆ.

ಆದುದರಿಂದ ಮಿತ್ರರು ತೊಟ್ಟಿಗಳಲ್ಲಿಯೇ ಮರಿಮಾಡಿಸಿದ ಮೀನುಗಳನ್ನು ಕೇಳಿ ಪಡೆಯಲಿ. ಸಾಕಲಾಗದಿದ್ದರೆ ಇನ್ನೊಬ್ಬ ಸಾಕುವವನಿಗೆ ಕೊಡಲಿ. ಊರ ಕೆರೆಗೆ ಮಾತ್ರ ಬಿಡದಿರಲಿ.